ಟಾಟಾ ಇನ್‌ಸ್ಟಿಟ್ಯೂಟ್‌ನ ಗೇಟಿನೊಳಗೆ ನಿಜವಾಗಿ ಏನು ನಡೆಯುತ್ತದೆ?

ಪಿಯುಸಿ ರಿಸಲ್ಟ್ ಬಂದ ವಾರ ಯಾರ ಮನೆಗೆ ಹೋದರೂ ಮಾತು ಒಂದೇ. ಯಾವ ಕಾಲೇಜು, ಯಾವ ಬ್ರಾಂಚ್, ಪ್ಲೇಸ್‌ಮೆಂಟ್ ಹೇಗಿದೆ, ಪ್ಯಾಕೇಜ್ ಎಷ್ಟು. ಆ ಮಾತಿನ ನಡುವೆ ಯಾರಾದರೂ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಹೆಸರು ತೆಗೆದರೆ ಎಲ್ಲರೂ ಗೌರವದಿಂದ ತಲೆಯಾಡಿಸುತ್ತಾರೆ. ಆಮೇಲೆ ಯಾರೋ ಒಬ್ಬರು ಕೇಳುತ್ತಾರೆ, "ಅಲ್ಲಿ ನಿಜವಾಗ್ಲೂ ಏನು ಓದಿಸ್ತಾರೆ?" ಅಂತ. ಒಳ್ಳೆಯ ಪ್ರಶ್ನೆ ಅದು. ಉತ್ತರ ಗೊತ್ತಿರುವವರು ಕಡಿಮೆ, ಅದಕ್ಕೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ರ‍್ಯಾಂಕಿಂಗ್ ವಿಷಯ ಮುಗಿಸಿಬಿಡೋಣ. ಕೇಂದ್ರ ಸರ್ಕಾರ 2016ರಲ್ಲಿ ಎನ್‌ಐಆರ್‌ಎಫ್ ಪಟ್ಟಿ ಶುರು ಮಾಡಿತು. ಅದರ ವಿಶ್ವವಿದ್ಯಾಲಯಗಳ ವಿಭಾಗದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಐಐಎಸ್‌ಸಿ, ಮೊದಲ ಜಾಗ ಹಿಡಿದು ಕೂತಿದೆ. 2018ರಲ್ಲಿ ಸರ್ಕಾರ ಅದಕ್ಕೆ ಶ್ರೇಷ್ಠ ಸಂಸ್ಥೆ ಅನ್ನುವ ಸ್ಥಾನವನ್ನೂ ಕೊಟ್ಟಿತು. ಸಂತೋಷ. ಆದರೆ ಒಂದು ವಿಶ್ವವಿದ್ಯಾಲಯದ ಶಕ್ತಿ ಎಲ್ಲಿದೆ ಅನ್ನುವುದು ಆ ನಂಬರಿನಿಂದ ತಿಳಿಯುವುದಿಲ್ಲ. ನನ್ನ ಪ್ರಕಾರ ಅದರ ಶಕ್ತಿ ಇರುವುದು ಒಂದು ಪ್ರಶ್ನೆಯನ್ನು ಹಿಡಿದು ವರ್ಷಗಟ್ಟಲೆ ಕೂರಲು ಅದು ಕೊಡುವ ಬಿಡುವಿನಲ್ಲಿ. ಹತ್ತು ವರ್ಷ, ಕೆಲವೊಮ್ಮೆ ಮೂವತ್ತು ವರ್ಷ. ಬೇರೆ ಯಾವ ಕಡೆಯೂ ಇಷ್ಟು ಸಮಯ ಸಿಗುವುದಿಲ್ಲ. ಕಂಪನಿಗೆ ಮುಂದಿನ ಕ್ವಾರ್ಟರ್ ಚಿಂತೆ, ಸರ್ಕಾರಕ್ಕೆ ಮುಂದಿನ ಬಜೆಟ್ ಚಿಂತೆ.

ಸಂಶೋಧನೆ ಮಾಡುವ ವಿಶ್ವವಿದ್ಯಾಲಯಕ್ಕೂ ನಮ್ಮೂರ ಡಿಗ್ರಿ ಕಾಲೇಜಿಗೂ ಏನು ವ್ಯತ್ಯಾಸ? ಕಾಲೇಜಿನಲ್ಲಿ ಪುಸ್ತಕದಲ್ಲಿ ಇರುವುದನ್ನು ಮೇಷ್ಟ್ರು ಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತಾರೆ, ಉತ್ತರ ಮೊದಲೇ ಗೊತ್ತಿರುತ್ತದೆ. ಅದೂ ಬೇಕಾದ ಕೆಲಸವೇ, ನಾವೆಲ್ಲ ಹಾಗೇ ಓದಿ ಬಂದವರು. ಸಂಶೋಧನೆಯಲ್ಲಿ ಉತ್ತರ ಮೇಷ್ಟ್ರಿಗೂ ಗೊತ್ತಿರುವುದಿಲ್ಲ. ಬೆಳಿಗ್ಗೆ ಬೋರ್ಡಿನ ಮುಂದೆ ಗೊತ್ತಿರುವುದನ್ನು ಹೇಳಿಕೊಟ್ಟ ವ್ಯಕ್ತಿಯೇ ಮಧ್ಯಾಹ್ನ ಲ್ಯಾಬಿನಲ್ಲಿ ಗೊತ್ತಿಲ್ಲದ್ದರ ಮುಂದೆ ತಲೆ ಕೆರೆದುಕೊಂಡು ನಿಂತಿರುತ್ತಾರೆ. ಇದರಿಂದ ಪಾಠದ ಗುಣವೇ ಬದಲಾಗುತ್ತದೆ, ಯಾಕೆಂದರೆ ಪುಸ್ತಕದ ಯಾವ ಸಾಲು ಗಟ್ಟಿ, ಯಾವ ಸಾಲು ಇನ್ನೂ ಅಲ್ಲಾಡುತ್ತಿದೆ ಅನ್ನುವುದು ಆ ಮೇಷ್ಟ್ರಿಗೆ ಸ್ವಂತ ಅನುಭವದಿಂದ ಗೊತ್ತಿರುತ್ತದೆ.

ಐಐಎಸ್‌ಸಿಯಲ್ಲಿ ಪಿಎಚ್‌ಡಿ ಮಾಡುವವರೇ ಜಾಸ್ತಿ. ಪಿಎಚ್‌ಡಿ ಅಂದರೆ ಇನ್ನೊಂದು ಡಿಗ್ರಿ, ಇನ್ನಷ್ಟು ಪುಸ್ತಕ ಅಂತ ಮನೆಯವರು ಅಂದುಕೊಂಡಿರುತ್ತಾರೆ. "ಇನ್ನೂ ಓದು ಮುಗಿದಿಲ್ವಾ?" ಅಂತ ಮದುವೆ ಮನೆಯಲ್ಲಿ ಕೇಳುತ್ತಾರಲ್ಲ, ಆ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ. ನಿಜವಾಗಿ ಅದು ಕೆಲಸ. ಸೇರಿದ ಮೊದಲ ವರ್ಷದ ಸುಮಾರಿಗೆ ಕೆಲವು ಕೋರ್ಸ್ ಮುಗಿಸಬೇಕು. ಆಮೇಲೆ ಕೆಲವು ಪ್ರಾಧ್ಯಾಪಕರು ಎದುರಿಗೆ ಕೂತು ಬಾಯಿಮಾತಿನ ಪರೀಕ್ಷೆ ಮಾಡುತ್ತಾರೆ, ಈ ವಿಷಯದ ಬುಡ ಇವರಿಗೆ ಗಟ್ಟಿ ಇದೆಯಾ ಅಂತ. ಅದಾದ ಮೇಲೆ ಗೈಡ್ ಜೊತೆ ಸೇರಿ ಒಂದು ಸಮಸ್ಯೆ ಹಿಡಿದು ನಾಲ್ಕೈದು ವರ್ಷ ಅದರ ಬೆನ್ನು ಹತ್ತಬೇಕು. ಗ್ರೂಪ್ ಮೀಟಿಂಗಿನಲ್ಲಿ ಪದೇ ಪದೇ ನಿಮ್ಮ ಗ್ರಾಫ್ ತೋರಿಸಬೇಕು, ಜೊತೆಯವರು ಅದನ್ನು ಕುಟ್ಟಿ ನೋಡುತ್ತಾರೆ. ಆ ಬಿಂದು ಯಾಕೆ ಗೆರೆಯಿಂದ ಆಚೆ ಇದೆ? ಪ್ರಯೋಗ ಮತ್ತೆ ಮಾಡಿದಿರಾ? ಯಂತ್ರ ಬಿಸಿಯಾಗುವವರೆಗೆ ಕಾಯ್ದಿರಾ? ಕೊನೆಗೆ ಪ್ರಬಂಧ ಸಂಸ್ಥೆಯ ಹೊರಗಿನ ಪರಿಣತರ ಕೈಗೆ ಹೋಗುತ್ತದೆ. ಅವರು ಒಪ್ಪಿದ ಮೇಲೆ ಎಲ್ಲರ ಮುಂದೆ ನಿಂತು ಸಮರ್ಥನೆ ಮಾಡಬೇಕು.

ಇದಕ್ಕೆಲ್ಲ ಫೀಸು ಎಷ್ಟು ಅಂತ ಕೇಳುವವರಿಗೆ ಒಂದು ಮಾತು. ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಫೆಲೋಶಿಪ್ ಸಿಗುತ್ತದೆ. 2023ರಿಂದ ಕೇಂದ್ರದ ಜೂನಿಯರ್ ರಿಸರ್ಚ್ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ. ಅದರಲ್ಲಿ ಬೆಂಗಳೂರಿನ ಹಾಸ್ಟೆಲ್, ಮೆಸ್ ಖರ್ಚು ಕಳೆದು ಮನೆಗೂ ಒಂದಿಷ್ಟು ಕಳಿಸಬಹುದು. ಸಾಲ ಮಾಡಿ ಓದುವ ಓದಲ್ಲ ಇದು. ನಮ್ಮ ತಾಲೂಕುಗಳ ಮನೆಗಳಿಗೆ ಈ ವಿಷಯ ತಲುಪಿಯೇ ಇಲ್ಲ, ಅದು ನನಗೆ ತುಂಬಾ ಬೇಸರದ ಸಂಗತಿ.

ಇನ್ನು ಒಂದೇ ಪ್ರಶ್ನೆ ಹಿಡಿದು ಕೂರುವ ಈ ಬಿಡುವು ಎಲ್ಲಿಂದ ಬಂತು ಅನ್ನುವುದು. ಜಮ್‌ಶೆಟ್‌ಜಿ ಟಾಟಾ ಇಂಥದ್ದೊಂದು ಸಂಸ್ಥೆ ಬೇಕು ಅಂತ ಕನಸು ಕಂಡು, ಸುಮಾರು 30 ಲಕ್ಷ ರೂಪಾಯಿ ಬೆಲೆಬಾಳುವ ಮುಂಬೈಯ ಆಸ್ತಿಯನ್ನು ಇದಕ್ಕೆ ಮೀಸಲಿಟ್ಟರು. ಆ ಕಾಲದ 30 ಲಕ್ಷ! ಯಾವ ಊರಿನಲ್ಲಿ ಕಟ್ಟಬೇಕು ಅಂತ ನೋಡಲು ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ದೇಶ ಸುತ್ತಿ ಬೆಂಗಳೂರನ್ನು ಸೂಚಿಸಿದರು. ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಇದಕ್ಕೆ ಬೆನ್ನೆಲುಬಾಗಿ ನಿಂತರು. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು, ಜೊತೆಗೆ ಹಣವನ್ನೂ ಕೊಟ್ಟಿತು. ಟಾಟಾ 1904ರಲ್ಲೇ ತೀರಿಕೊಂಡರು, ಸಂಸ್ಥೆಯನ್ನು ಕಣ್ಣಾರೆ ನೋಡಲಿಲ್ಲ. 1909ರಲ್ಲಿ ಸಂಸ್ಥೆ ಕಾನೂನಿನ ಪ್ರಕಾರ ಹುಟ್ಟಿತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಶಂಕುಸ್ಥಾಪನೆ ಮಾಡಿದರು, ಅದೇ ವರ್ಷ ಮೊದಲ ವಿದ್ಯಾರ್ಥಿಗಳು ಬಂದರು. ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್, ರಾಮ್ಸೆ ಜೊತೆ ಸೇರಿ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಅನಿಲಗಳನ್ನು ಕಂಡುಹಿಡಿದವರು. ಹೆಸರಲ್ಲಿ ಟಾಟಾ ಇದ್ದರೂ ಇದು ಮೈಸೂರಿನ ಜನರ ದುಡ್ಡಿನಿಂದ, ಮೈಸೂರಿನ ಮಣ್ಣಿನ ಮೇಲೆ ಎದ್ದ ಸಂಸ್ಥೆ ಕೂಡ ಹೌದು. ಇದನ್ನು ನಾವು ಮರೆಯಬಾರದು.

ಹಾಕಿದ್ದು ಬೇಗ ವಾಪಸ್ ಬರಲಿ ಅಂತ ಯಾರೂ ಕೇಳದಿದ್ದರೂ ಮೈಸೂರಿಗೆ ಅದು ಕೆಲವೇ ವರ್ಷದಲ್ಲಿ ಬಂತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ನಮ್ಮ ಗಂಧದ ಕೊರಡು ಯೂರೋಪಿಗೆ ಹೋಗುವುದು ನಿಂತಿತು. ಅಲ್ಲಿಯವರೆಗೆ ಮರ ನಮ್ಮದು, ಎಣ್ಣೆ ತೆಗೆದು ಲಾಭ ಮಾಡುತ್ತಿದ್ದವರು ಅವರು. ಐಐಎಸ್‌ಸಿಯ ಸಡ್‌ಬರೋ ಮತ್ತು ವಾಟ್ಸನ್ ಅನ್ನುವ ಇಬ್ಬರು ರಸಾಯನ ವಿಜ್ಞಾನಿಗಳು ಇಲ್ಲೇ ಎಣ್ಣೆ ಇಳಿಸುವ ಕೆಲಸಕ್ಕೆ ಕೈ ಹಾಕಿದರು. ಗಂಧದ ಚೇಗನ್ನು ಪುಡಿ ಮಾಡಿ, ಅದರೊಳಗೆ ಹಬೆ ಹಾಯಿಸಬೇಕು. ಹಬೆ ಎಣ್ಣೆಯನ್ನು ಎತ್ತಿಕೊಂಡು ಬರುತ್ತದೆ, ತಣ್ಣಗೆ ಮಾಡಿದರೆ ನೀರಿನ ಮೇಲೆ ಎಣ್ಣೆ ತೇಲುತ್ತದೆ. ಕೇಳೋಕೆ ಸುಲಭ. ಆದರೆ ಪುಡಿ ಎಷ್ಟು ನುಣ್ಣಗಿರಬೇಕು, ಹಬೆ ಎಷ್ಟು ಹೊತ್ತು ಹಾಯಬೇಕು, ಸಿಕ್ಕ ಎಣ್ಣೆಯ ಗುಣ ಅಳೆಯುವುದು ಹೇಗೆ, ಇದೆಲ್ಲ ಲ್ಯಾಬಿನಲ್ಲಿ ಕೂತು ಮಾಡಬೇಕಾದ ಕೆಲಸ. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ರಸಾಯನ ತಜ್ಞ ಎಸ್.ಜಿ. ಶಾಸ್ತ್ರಿ ಇಂಗ್ಲೆಂಡಿಗೆ ಹೋಗಿ ಸಾಬೂನು ತಯಾರಿಕೆ ಕಲಿತು ಬಂದರು. ಸ್ನಾನದ ಮನೆಯ ಮೈಸೂರು ಸ್ಯಾಂಡಲ್ ಸೋಪಿನ ಹಿಂದೆ ಈ ಕಥೆ ಇದೆ.

ಇಂಥ ಸಂಸ್ಥೆಯ ಇನ್ನೊಂದು ದೊಡ್ಡ ಗುಣ, ಹಾಲಿಗೆ ಹಾಕುವ ಹೆಪ್ಪಿನ ಹಾಗೆ, ಒಂದು ಚೂರು ಬೇರೆ ಕಡೆ ಹೋದರೂ ಅಲ್ಲಿ ಹೊಸದಾಗಿ ಹುಟ್ಟಿಕೊಳ್ಳುವುದು. ಸಿ.ವಿ. ರಾಮನ್ 1933ರಲ್ಲಿ ಇಲ್ಲಿಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದು ಭೌತವಿಜ್ಞಾನ ವಿಭಾಗ ಕಟ್ಟಿದರು. ಎರಡನೇ ಮಹಾಯುದ್ಧದಿಂದಾಗಿ ಕೇಂಬ್ರಿಜ್‌ಗೆ ವಾಪಸ್ ಹೋಗಲಾಗದ ಹೋಮಿ ಭಾಭಾ ಇಲ್ಲೇ ಉಳಿದು ಕಾಸ್ಮಿಕ್ ಕಿರಣಗಳ ಮೇಲೆ ಕೆಲಸ ಮಾಡಿದರು. 1945ರಲ್ಲಿ ಅವರು ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮೊದಲ ಕೆಲವು ತಿಂಗಳು ಇದೇ ಆವರಣದಲ್ಲಿ ನಡೆದು ಆಮೇಲೆ ಮುಂಬೈಗೆ ಹೋಯಿತು. ಇಲ್ಲಿ ನಿರ್ದೇಶಕರಾಗಿದ್ದ ಜೆ.ಸಿ. ಘೋಷ್ ಖರಗ್‌ಪುರದ ಐಐಟಿಗೆ ಮೊದಲ ನಿರ್ದೇಶಕರಾದರು.

ಸತೀಶ್ ಧವನ್ ವಿಷಯ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. 1951ರಲ್ಲಿ ಏರೋನಾಟಿಕಲ್ ವಿಭಾಗಕ್ಕೆ ಸೇರಿದರು, 1962ರಿಂದ 1981ರವರೆಗೆ ಸಂಸ್ಥೆಯ ನಿರ್ದೇಶಕರು. 1971ರ ಕೊನೆಯಲ್ಲಿ ವಿಕ್ರಮ್ ಸಾರಾಭಾಯಿ ತೀರಿಕೊಂಡ ಮೇಲೆ ಬಾಹ್ಯಾಕಾಶ ಕಾರ್ಯಕ್ರಮದ ಹೊಣೆ ಹೊರಲು ಅವರಿಗೆ ಕರೆ ಬಂತು. ಧವನ್ ಎರಡು ಷರತ್ತು ಹಾಕಿದರು. ಕೇಂದ್ರ ಕಚೇರಿ ಬೆಂಗಳೂರಿನಲ್ಲಿ ಇರಬೇಕು, ತಾನು ಐಐಎಸ್‌ಸಿ ನಿರ್ದೇಶಕನಾಗಿಯೂ ಮುಂದುವರಿಯಬೇಕು. ಇಂದಿರಾ ಗಾಂಧಿ ಸರ್ಕಾರ ಒಪ್ಪಿತು. ಇಸ್ರೋ ಕೇಂದ್ರ ಕಚೇರಿ ಇವತ್ತು ಬೆಂಗಳೂರಿನಲ್ಲಿದ್ದರೆ ಅದಕ್ಕೆ ಈ ಮೇಷ್ಟ್ರ ಹಟವೂ ಒಂದು ಕಾರಣ. ದೇಶದ ರಾಕೆಟ್ ಕೆಲಸ ಕೈಗೆ ಬಂದರೂ ಅವರು ವಿಶ್ವವಿದ್ಯಾಲಯ ಬಿಡಲು ಒಪ್ಪಲಿಲ್ಲ ಅನ್ನುವುದನ್ನು ಗಮನಿಸಿ. ರಾಕೆಟ್ಟಿಗೆ ಬೇಕಾದ ಜನ ಎಲ್ಲಿಂದ ಬರುತ್ತಾರೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ರಾಕೆಟ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ಹೆಚ್ಚು ಇಷ್ಟವಾದದ್ದು ಒಲೆಯ ಕಥೆ. ಧವನ್ ನಿರ್ದೇಶಕರಾಗಿದ್ದ ಕಾಲದಲ್ಲೇ, 1974ರಲ್ಲಿ, ಅಮೂಲ್ಯ ರೆಡ್ಡಿ ಅನ್ನುವ ಪ್ರಾಧ್ಯಾಪಕರು 'ಅಸ್ತ್ರ' ಅನ್ನುವ ಕೇಂದ್ರ ಶುರು ಮಾಡಿದರು. ವಿಜ್ಞಾನವನ್ನು ಹಳ್ಳಿಯ ಕೆಲಸಕ್ಕೆ ತರುವುದು ಅದರ ಉದ್ದೇಶ. ರೆಡ್ಡಿ ವಿದ್ಯುತ್ ರಸಾಯನ ವಿಜ್ಞಾನದಲ್ಲಿ ದೊಡ್ಡ ಹೆಸರು ಮಾಡಿದ್ದವರು, ಪ್ರಪಂಚದ ಎಷ್ಟೋ ಕಡೆ ಅವರ ಪಠ್ಯಪುಸ್ತಕ ಓದುತ್ತಿದ್ದರು. ಅದೇ ದಾರಿಯಲ್ಲಿ ಹಾಯಾಗಿ ಹೋಗಬಹುದಿತ್ತು. ಅವರು ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಉಂಗ್ರಕ್ಕೆ ಹೋದರು.

ಅಲ್ಲಿ ಮೊದಲು ಏನನ್ನೂ ಕಟ್ಟಲಿಲ್ಲ, ಅಳೆದರು. ಸುತ್ತಲಿನ ಹಳ್ಳಿಗಳ ಮನೆ ಮನೆಗೆ ಹೋಗಿ ಯಾವ ಕೆಲಸಕ್ಕೆ ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಎಷ್ಟು ಎತ್ತಿನ ದುಡಿಮೆ, ಯಾರು ಎಷ್ಟು ಹೊತ್ತು ನೀರು ಹೊರುತ್ತಾರೆ ಅಂತ ಲೆಕ್ಕ ಹಾಕಿದರು. ದೇಶದ ಶಕ್ತಿ ಸಮಸ್ಯೆ ಅಂದರೆ ಕರೆಂಟು, ಪೆಟ್ರೋಲು ಅಂತ ದೆಹಲಿಯಲ್ಲಿ ಮಾತಾಡುತ್ತಿದ್ದ ಕಾಲ ಅದು. ಇಲ್ಲಿನ ಲೆಕ್ಕ ಬೇರೇನೇ ಹೇಳಿತು. ಹಳ್ಳಿಯ ಶಕ್ತಿಯ ಬಹುಪಾಲು ಸೌದೆಯಿಂದ ಬರುತ್ತಿತ್ತು, ಆ ಸೌದೆಯಲ್ಲಿ ಬಹುಪಾಲು ಅಡುಗೆಗೆ ಹೋಗುತ್ತಿತ್ತು, ಅದನ್ನು ಆಯ್ದು ತರುವ ಭಾರ ಹೆಂಗಸರು, ಮಕ್ಕಳ ತಲೆ ಮೇಲಿತ್ತು.

ಹಾಗಾಗಿ ವಿಜ್ಞಾನಿಗಳು ಒಲೆಯ ಮುಂದೆ ಕೂತರು. ಹಳೇ ಒಲೆಯಲ್ಲಿ ಬೆಂಕಿ ಬಾಯಿಂದ ಹೊರಗೆ ಚಾಚುತ್ತದೆ, ಶಾಖ ಪಾತ್ರೆಗೆ ತಾಗುವುದಕ್ಕಿಂತ ಜಾಸ್ತಿ ಸುಮ್ನೆ ಹೊರಗೆ ಹೋಗುತ್ತದೆ, ಹೊಗೆಯೆಲ್ಲ ಅಡುಗೆಮನೆಯಲ್ಲಿ. ಇವರು ಉರಿ ಒಳಗೇ ಉಳಿಯುವ ಹಾಗೆ ಒಲೆಯ ಗೂಡನ್ನು ಮುಚ್ಚಿದರು. ಗಾಳಿ ಕೆಳಗಿಂದ ಬರಲಿ ಅಂತ ಸೌದೆಯ ಅಡಿಗೆ ಜಾಲರಿ ಇಟ್ಟರು. ಒಂದು ಪಾತ್ರೆಗೆ ತಾಗಿದ ಬಿಸಿಗಾಳಿ ಸುಮ್ನೆ ಹೋಗದೆ ಇನ್ನೊಂದಕ್ಕೂ ಮತ್ತೊಂದಕ್ಕೂ ತಾಗಿ ಹೋಗುವಂತೆ ಮೂರು ಪಾತ್ರೆಗೆ ಜಾಗ ಮಾಡಿದರು. ಕೊನೆಯಲ್ಲಿ ಹೊಗೆ ಕೊಳವೆ. ಸೌದೆ ತೂಗಿ, ನೀರು ಕಾಯಿಸಿ, ಅಳತೆ ಬದಲಿಸಿ, ಮತ್ತೆ ತೂಗಿ ನೋಡಿದರು. 1980ರ ದಶಕದಲ್ಲಿ ಅಸ್ತ್ರ ಒಲೆ ಕರ್ನಾಟಕದ ಹಳ್ಳಿ ಹಳ್ಳಿಗೆ ಹೋಯಿತು. ನಿಮ್ಮ ಅಜ್ಜಿ ಮನೆಯಲ್ಲೂ ಒಂದು ಇದ್ದಿರಬಹುದು. ಅದೇ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಜೊತೆಯವರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತುವ, ಸುಡದ ಇಟ್ಟಿಗೆಯ ಮೇಲೆ ಕೆಲಸ ಮಾಡಿದರು. ಇವತ್ತು ಬೆಂಗಳೂರಿನ ಸುತ್ತ ಮಣ್ಣಿನ ಬ್ಲಾಕಿನ ಚೆಂದದ ಮನೆಗಳು ಕಾಣುತ್ತವಲ್ಲ, ಅದರ ಬೇರು ಅಲ್ಲಿದೆ.

ಎಲ್ಲವೂ ಅಂದುಕೊಂಡ ಹಾಗೆ ಆಗಲಿಲ್ಲ, ಅದನ್ನೂ ಹೇಳಬೇಕು. ಉಂಗ್ರದ ಹತ್ತಿರದ ಪುರ ಅನ್ನುವ ಹಳ್ಳಿಯಲ್ಲಿ ಇಡೀ ಊರಿಗೆ ಒಂದೇ ಗೋಬರ್ ಗ್ಯಾಸ್ ಘಟಕ ಕಟ್ಟಿ ಎಲ್ಲರ ಅಡುಗೆಗೂ ಗ್ಯಾಸ್ ಕೊಡುವ ಯೋಚನೆ ಇತ್ತು. ಸಿಗುವ ಸಗಣಿಯಲ್ಲಿ ಅಷ್ಟು ಗ್ಯಾಸ್ ಬರಲಿಲ್ಲ. ಯೋಜನೆ ಮುಚ್ಚಲಿಲ್ಲ. ಊರಿನವರ ಜೊತೆ ಕೂತು ಮಾತಾಡಿ, ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ಬೋರ್‌ವೆಲ್ಲಿಂದ ನಲ್ಲಿ ನೀರು ಕೊಡುವ ಹಾಗೆ ಬದಲಿಸಿದರು. ಊರಿನವರೇ ಅದನ್ನು ನಡೆಸಿದರು. ಸೋತ ಜಾಗದಲ್ಲೇ ನಿಂತು ಮುಂದಿನ ಪ್ರಶ್ನೆ ಕೇಳಲು ವರ್ಷಗಳು ಬೇಕು. ಮೂರು ವರ್ಷದ ಪ್ರಾಜೆಕ್ಟಿಗೆ ಬಂದು ಹೋಗುವವರಿಂದ ಇದು ಆಗುವ ಕೆಲಸ ಅಲ್ಲ.

ಅದಕ್ಕಿಂತ ಉದ್ದದ ಕೆಲಸ ಬಂಡೀಪುರದ ಗಡಿ ದಾಟಿದರೆ ಸಿಗುವ ತಮಿಳುನಾಡಿನ ಮುದುಮಲೈ ಕಾಡಿನಲ್ಲಿ ನಡೆಯುತ್ತಿದೆ. ಮಾಧವ ಗಾಡ್ಗೀಳ್ 1983ರಲ್ಲಿ ಪರಿಸರ ವಿಜ್ಞಾನ ಕೇಂದ್ರ ಕಟ್ಟಿದರು. ಆ ಕೇಂದ್ರದವರು, ಆನೆಗಳ ಅಧ್ಯಯನಕ್ಕೆ ಹೆಸರಾದ ರಾಮನ್ ಸುಕುಮಾರ್ ಅವರ ಮುಂದಾಳತ್ವದಲ್ಲಿ, ಮುದುಮಲೈಯಲ್ಲಿ 50 ಹೆಕ್ಟೇರ್ ಕಾಡನ್ನು ಗುರುತು ಮಾಡಿಕೊಂಡರು. 1988ರ ಹೊತ್ತಿಗೆ ಕೆಲಸ ಶುರು. ಎದೆಯ ಎತ್ತರದಲ್ಲಿ ಒಂದು ಸೆಂಟಿಮೀಟರ್ ದಪ್ಪ ಇರುವ ಸಣ್ಣ ಗಿಡದಿಂದ ಹಿಡಿದು ದೊಡ್ಡ ತೇಗ, ಮತ್ತಿ, ನಂದಿ ಮರದವರೆಗೆ ಪ್ರತಿಯೊಂದಕ್ಕೂ ನಂಬರಿನ ಬಿಲ್ಲೆ. ಅಂಥವು ಇಪ್ಪತ್ತು ಸಾವಿರಕ್ಕೂ ಜಾಸ್ತಿ. ವರ್ಷ ವರ್ಷವೂ ಹೋಗಿ ಯಾವುದು ಬದುಕಿದೆ, ಯಾವುದು ಸತ್ತಿದೆ, ಯಾಕೆ ಸತ್ತಿತು, ಹೊಸದು ಯಾವುದು ಬಂತು ಅಂತ ಬರೆದುಕೊಳ್ಳಬೇಕು. ಕೆಲವು ವರ್ಷಕ್ಕೊಮ್ಮೆ ಎಲ್ಲ ಮರಗಳ ಸುತ್ತಳತೆ. ಆನೆ ಬಂದರೆ ಟೇಪು ಬಿಟ್ಟು ಓಡಬೇಕು.

ಮೊದಲ ಐದು ವರ್ಷದ ಲೆಕ್ಕ ಇಟ್ಟುಕೊಂಡು ಕಾಡಿನ ಬಗ್ಗೆ ಏನೂ ಗಟ್ಟಿಯಾಗಿ ಹೇಳಲು ಆಗುವುದಿಲ್ಲ. ಹತ್ತಿಪ್ಪತ್ತು ವರ್ಷ ಆದ ಮೇಲೆ ಚಿತ್ರ ಮೂಡುತ್ತದೆ. ಆನೆಗಳಿಗೆ ಇಷ್ಟವಾದ ಒಂದು ಜಾತಿಯ ಮರ ಅಲ್ಲಿ ತೀರಾ ಕಡಿಮೆಯಾಯಿತು. ಬೆಂಕಿ ಮತ್ತೆ ಮತ್ತೆ ಬಿದ್ದರೆ ಸಣ್ಣ ಗಿಡಗಳು ಮೇಲೇಳುವುದೇ ಇಲ್ಲ, ದೊಡ್ಡ ಮರ ಮಾತ್ರ ನಿಂತಿರುತ್ತವೆ, ಹೊರಗಿನಿಂದ ನೋಡಿದವರಿಗೆ ಕಾಡು ಚೆನ್ನಾಗಿಯೇ ಕಾಣುತ್ತದೆ. ಆ ಲೆಕ್ಕದ ಪುಸ್ತಕ ಇಲ್ಲದಿದ್ದರೆ ಮುಂದಿನ ತಲೆಮಾರಿನ ಮರ ಇಲ್ಲ ಅನ್ನುವುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೆಲಸ ಶುರುವಾದಾಗ ಬಿಲ್ಲೆ ಹೊಡೆದ ವಿದ್ಯಾರ್ಥಿಗಳಿಗೆ ಈಗ ತಲೆ ನೆರೆತಿದೆ, ಇವತ್ತು ಅಳೆಯುವವರು ಆಗ ಹುಟ್ಟಿಯೇ ಇರಲಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೆಲಸ ಹೋಗುವುದು ಪಾಠದ ಮೂಲಕ, ಗೈಡ್ ಮತ್ತು ವಿದ್ಯಾರ್ಥಿಯ ಸಂಬಂಧದ ಮೂಲಕ. ಸಂಶೋಧನೆ ಮತ್ತು ಬೋಧನೆ ಒಂದೇ ಸೂರಿನಡಿ ಇರಬೇಕು ಅನ್ನುವುದು ಇದಕ್ಕೇ.

ನೂರು ವರ್ಷ ಐಐಎಸ್‌ಸಿಯಲ್ಲಿ ಪಿಯುಸಿ ಮುಗಿಸಿದವರಿಗೆ ಜಾಗವೇ ಇರಲಿಲ್ಲ. 2011ರಲ್ಲಿ ನಾಲ್ಕು ವರ್ಷದ ಪದವಿ ಶುರು ಮಾಡಿದರು. ಇದರ ವಿಶೇಷ ಏನಂದರೆ ಮೊದಲ ಮೂರು ಸೆಮಿಸ್ಟರ್ ಎಲ್ಲರೂ ಎಲ್ಲವನ್ನೂ ಓದಬೇಕು. ಗಣಿತ ಇಷ್ಟ ಅಂತ ಬಂದವರೂ ಜೀವವಿಜ್ಞಾನದ ಲ್ಯಾಬಿಗೆ ಹೋಗಬೇಕು, ಜೀವವಿಜ್ಞಾನದವರೂ ಪ್ರೋಗ್ರಾಮಿಂಗ್ ಕಲಿಯಬೇಕು, ಜೊತೆಗೆ ಸಮಾಜ, ಇತಿಹಾಸದಂಥ ವಿಷಯಗಳೂ ಇವೆ. ಆಮೇಲೆ ಮುಖ್ಯ ವಿಷಯ ಆರಿಸಿಕೊಳ್ಳುವುದು. ಕೊನೆಯ ವರ್ಷ ಸಂಶೋಧನೆಯ ಪ್ರಾಜೆಕ್ಟ್. ಹದಿನೆಂಟು ವರ್ಷಕ್ಕೇ ದಾರಿ ಕಟ್ಟಿಬಿಡುವ ನಮ್ಮ ಪದ್ಧತಿಯಲ್ಲಿ ಇದು ದೊಡ್ಡ ಉಪಕಾರ ಅಂತ ನನಗೆ ಅನ್ನಿಸುತ್ತದೆ.

ಇಷ್ಟು ಹೊಗಳಿದ ಮೇಲೆ ಬಾಗಿಲು ಯಾರಿಗೆ ಮುಚ್ಚಿತ್ತು ಅನ್ನುವುದನ್ನು ಬಿಟ್ಟರೆ ತಪ್ಪಾಗುತ್ತದೆ. 1933ರಲ್ಲಿ ಕಮಲಾ ಸೊಹೊನಿ ಅವರಿಗೆ ಹೆಣ್ಣು ಅನ್ನುವ ಕಾರಣಕ್ಕೆ ರಾಮನ್ ಸೀಟು ಕೊಡಲಿಲ್ಲ. ಅವರು ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷ ನೋಡೋಣ ಅನ್ನುವ ಷರತ್ತಿನ ಮೇಲೆ ಸೇರಿಸಿಕೊಂಡರು. ಎಂ. ಶ್ರೀನಿವಾಸಯ್ಯ ಅವರ ಕೈಕೆಳಗೆ ಕೆಲಸ ಕಲಿತ ಕಮಲಾ ಮುಂದೆ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಪಡೆದರು. ರಾಮನ್ ಲ್ಯಾಬಿನಲ್ಲೇ ಮಾಣಿಕ್ಯ, ವಜ್ರಗಳ ಮೇಲೆ ಐದು ವರ್ಷ ದುಡಿದ ಅನ್ನಾ ಮಣಿಗೆ ಎಂ.ಎಸ್‌ಸಿ. ಇಲ್ಲ ಅನ್ನುವ ಕಾರಣಕ್ಕೆ, ಆಗ ಇಲ್ಲಿನವರಿಗೆ ಡಿಗ್ರಿ ಕೊಡುತ್ತಿದ್ದ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡಲಿಲ್ಲ. ಆಮೇಲೆ ದೇಶದ ಹವಾಮಾನ ಉಪಕರಣಗಳ ಕೆಲಸವನ್ನೇ ಅವರು ಕಟ್ಟಿ ನಿಲ್ಲಿಸಿದರು. ನಮ್ಮ ರಾಜೇಶ್ವರಿ ಚಟರ್ಜಿ, ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಹುಡುಗಿ, ಅಮೆರಿಕದ ಮಿಷಿಗನ್‌ನಲ್ಲಿ ಪಿಎಚ್‌ಡಿ ಮುಗಿಸಿ 1953ರಲ್ಲಿ ಇಲ್ಲಿಗೇ ವಾಪಸ್ ಬಂದು ಮೈಕ್ರೋವೇವ್ ಎಂಜಿನಿಯರಿಂಗ್ ಪಾಠ ಮಾಡಿದರು. ಈ ಮೂವರನ್ನು ಹೆಣ್ಣುಮಕ್ಕಳಿಗೆ ಮಾತ್ರ ಅಲ್ಲ, ಗಂಡುಮಕ್ಕಳಿಗೂ ಪಾಠದಲ್ಲಿ ಹೇಳಬೇಕು.

ಇತ್ತೀಚಿನದೂ ಒಂದಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರ ಐಐಎಸ್‌ಸಿಗೆ ಸುಮಾರು 1,500 ಎಕರೆಯ ಎರಡನೇ ಆವರಣ ಸಿಕ್ಕಿತು. ಅದು ಅಮೃತ ಮಹಲ್ ಕಾವಲಿನ ಹುಲ್ಲುಗಾವಲು, ಸುತ್ತಲಿನ ಹಳ್ಳಿಗಳ ದನ, ಕುರಿ ಮೇಯುತ್ತಿದ್ದ ಜಾಗ. ಅಲ್ಲಿ ಬೇರೆ ಸಂಸ್ಥೆಗಳಿಗೂ ಜಾಗ ಹೋಯಿತು, ಊರಿನವರು ವಿರೋಧಿಸಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಅವರ ಸಿಟ್ಟು ನ್ಯಾಯವಾದದ್ದು. ಅದೇ ಆವರಣದಲ್ಲಿ ಇನ್ನೊಂದು ಕೆಲಸವೂ ನಡೆಯುತ್ತಿದೆ, ಅದನ್ನೂ ಪಕ್ಕದಲ್ಲೇ ಇಟ್ಟು ನೋಡಬೇಕು. ಸಾವಿರಾರು ವಿಜ್ಞಾನ, ಗಣಿತದ ಮೇಷ್ಟ್ರುಗಳು ಅಲ್ಲಿಗೆ ಬಂದು, ಉಳಿದುಕೊಂಡು, ಕೈಯಾರೆ ಪ್ರಯೋಗ ಮಾಡಿ ತರಬೇತಿ ಪಡೆದಿದ್ದಾರೆ. ತನ್ನ ಶಾಲೆಯಲ್ಲಿ ಬೀಗ ಹಾಕಿದ ಬೀರುವಿನಲ್ಲಿ ಮಾತ್ರ ಉಪಕರಣ ನೋಡಿದ್ದ ಮೇಷ್ಟ್ರು ಅದನ್ನು ಬಿಚ್ಚಿ ಜೋಡಿಸಿದರೆ ಎಷ್ಟು ಮಕ್ಕಳ ಪಾಠ ಬದಲಾಗುತ್ತದೆ, ಅಲ್ವಾ?

ನಿಮ್ಮ ಮನೆಯ ಮಕ್ಕಳಿಗೆ ಆಸೆ ಇದ್ದರೆ ದಾರಿಗಳು ಹೀಗಿವೆ. ಪಿಯುಸಿ ಆದ ಮೇಲೆ ನಾಲ್ಕು ವರ್ಷದ ಪದವಿಗೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಅಂಕ ನೋಡುತ್ತಾರೆ, ಯಾವ ಪರೀಕ್ಷೆ ಅನ್ನುವುದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ. ಬಿ.ಎಸ್‌ಸಿ. ಆದವರು ಜಾಮ್ ಪರೀಕ್ಷೆ ಬರೆದು ಇಂಟಿಗ್ರೇಟೆಡ್ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಎಂಜಿನಿಯರಿಂಗ್ ಅಥವಾ ಎಂ.ಎಸ್‌ಸಿ. ಆದವರಿಗೆ ಗೇಟ್, ನೆಟ್ ಪರೀಕ್ಷೆಗಳಿವೆ, ಆಮೇಲೆ ಸಂದರ್ಶನ. ಸಂದರ್ಶನದಲ್ಲಿ ದೊಡ್ಡ ದೊಡ್ಡ ವಿಷಯ ಕೇಳುತ್ತಾರೆ ಅಂತ ಹೆದರಬೇಡಿ. ಬಿ.ಎಸ್‌ಸಿ. ಮೊದಲ ವರ್ಷದ ಪಾಠವನ್ನೇ ಹಿಡಿದು ಆಳಕ್ಕೆ ಹೋಗುವುದು ಜಾಸ್ತಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಹೇಳಿ, ಬೋರ್ಡಿನ ಮೇಲೆ ಯೋಚನೆ ಮಾಡುತ್ತಾ ಹೋಗಿ. ಅವರಿಗೆ ನೋಡಬೇಕಾಗಿರುವುದು ಅದನ್ನೇ.

ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಬೇಸಿಗೆ ಶುರುವಾಗುವ ಹೊತ್ತಿಗೆ, ಓಪನ್ ಡೇ ಇರುತ್ತದೆ. ಅವತ್ತು ಗೇಟು ಎಲ್ಲರಿಗೂ ತೆರೆದಿರುತ್ತದೆ. ಜನ ತುಂಬಾ ಬರುತ್ತಾರೆ, ಆದ್ದರಿಂದ ಬೆಳಿಗ್ಗೆಯೇ ಹೋಗಿ, ಮಕ್ಕಳಿಗೆ ಟೋಪಿ, ನೀರಿನ ಬಾಟಲಿ ಕೊಡಿ, ಎಲ್ಲವನ್ನೂ ನೋಡುವ ಆತುರ ಬೇಡ, ನಾಲ್ಕೈದು ವಿಭಾಗ ಸಾಕು. ಏರೋಸ್ಪೇಸ್ ಕಡೆ ಮಾತ್ರ ತಪ್ಪದೆ ಹೋಗಿ. ಮೇಜಿನ ಹಿಂದೆ ನಿಂತಿರುವ ಪಿಎಚ್‌ಡಿ ಹುಡುಗ ಹುಡುಗಿಯರನ್ನು ಅವರ ಪ್ರಯೋಗದ ಬಗ್ಗೆ ಕೇಳಿ, ಕನ್ನಡದಲ್ಲೇ ಕೇಳಿ, ಅವರಿಗೆ ಬರದಿದ್ದರೆ ಪಕ್ಕದಿಂದ ಬರುವವರನ್ನು ಕರೆಯುತ್ತಾರೆ.